ಹಳೆಯ ಕಾರಿನ ಸಾಕ್ಷಿಗಳು

ಒಂದು ಹಾಳೆಯ ಮೇಲೆ ಸಾಲಾಗಿ ಹದಿನೇಳು ಸಲ 1 ಎಂದು ಬರೆಯಿರಿ. ಒಂದೊಂದು ಅಂಕಿಯ ಕೆಳಗೂ ಎಡದಿಂದ ಬಲಕ್ಕೆ ಈ ಸಂಖ್ಯೆಗಳನ್ನು ಇಡುತ್ತ ಹೋಗಿ: 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಮೇಲಿನದನ್ನು ಕೆಳಗಿನದರಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸಿ. 89 ಬರುತ್ತದೆ. 11ರಿಂದ ಭಾಗಿಸಿದರೆ ಶೇಷ 1. ಒಂಬತ್ತನೆಯ ಸ್ಥಾನದಲ್ಲಿರುವ ಅಂಕಿಯೂ 1. ಲೆಕ್ಕ ತಾಳೆಯಾಯಿತು. ಅಮೆರಿಕದಲ್ಲಿ 1981ರ ಮಾದರಿಯಿಂದ ಈಚೆಗೆ ಮಾರಾಟವಾದ ಪ್ರತಿಯೊಂದು ಕಾರಿನ ಗುರುತಿನ ಸಂಖ್ಯೆಯೂ, ಅಂದರೆ ವಿನ್ ನಂಬರೂ, ಈ ಪರೀಕ್ಷೆಯಲ್ಲಿ ಪಾಸಾಗಬೇಕು. ನಮ್ಮಲ್ಲಿ ಚಾಸಿ ನಂಬರ್ ಎಂದು ಕರೆಯುವುದು ಇದನ್ನೇ.

ವಿನ್‌ನಲ್ಲಿ ಅಂಕಿಗಳ ಜೊತೆ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಐ, ಓ, ಕ್ಯೂ ಮೂರನ್ನು ಮಾತ್ರ ಹೊರಗಿಟ್ಟಿದ್ದಾರೆ, ಅವು 1 ಮತ್ತು 0 ಜೊತೆ ಗೊಂದಲವಾಗಬಾರದೆಂದು. ಉಳಿದ ಪ್ರತಿ ಅಕ್ಷರಕ್ಕೂ ಲೆಕ್ಕಕ್ಕೆಂದು ಒಂದು ಅಂಕಿ ಗೊತ್ತು ಮಾಡಲಾಗಿದೆ. ಶೇಷ 10 ಬಂದರೆ ಒಂಬತ್ತನೆಯ ಮನೆಯಲ್ಲಿ ಎಕ್ಸ್ ಕೂರುತ್ತದೆ. ಈ ಲೆಕ್ಕದ ಜಾಣತನವಿರುವುದು 11ರಲ್ಲಿ. ಅದು ಅವಿಭಾಜ್ಯ ಸಂಖ್ಯೆ. ಯಾರೋ ಗುಮಾಸ್ತರು ಒಂದು ಅಂಕಿಯನ್ನು ತಪ್ಪಾಗಿ ಬರೆದರೆ ಮೊತ್ತದಲ್ಲಾಗುವ ವ್ಯತ್ಯಾಸವೆಂದರೆ ಆ ಅಂಕಿಗಳ ಅಂತರ ಗುಣಿಸು ಆ ಸ್ಥಾನದ ತೂಕ. ಅಂತರ 9ನ್ನು ಮೀರದು, ತೂಕ 10ನ್ನು ಮೀರದು. ಹತ್ತರೊಳಗಿನ ಎರಡು ಸಂಖ್ಯೆಗಳ ಗುಣಲಬ್ಧವನ್ನು 11 ಎಂದೂ ನಿಶ್ಶೇಷವಾಗಿ ಭಾಗಿಸಲಾರದು. ಹಾಗಾಗಿ ಒಂದೇ ಒಂದು ಅಂಕಿ ತಪ್ಪಿದರೂ ಶೇಷ ಬದಲಾಗಿ ತಪ್ಪು ಸಿಕ್ಕಿಬೀಳುತ್ತದೆ.

ಇಷ್ಟು ಚೆಂದದ ಗಣಿತವಾದರೂ ಅದು ಹಿಡಿಯುವುದು ಕೈತಪ್ಪನ್ನು ಮಾತ್ರ. ಮೋಸ ಮಾಡಲೆಂದೇ ಕೂತವನಿಗೆ ಈ ಲೆಕ್ಕ ನಮ್ಮಷ್ಟೇ ಗೊತ್ತಿರುತ್ತದೆ. ಕದ್ದ ಕಾರಿಗೆ ಅದೇ ಬಣ್ಣದ, ಅದೇ ವರ್ಷದ ಇನ್ನೊಂದು ಕಾರಿನ ನಿಜವಾದ ವಿನ್ ಅಂಟಿಸಿದರೆ ಅಂಕಗಣಿತ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತದೆ. ಕಾರಿನ ಹಿಂದಿನ ಬಾಳನ್ನು ತಿಳಿಯಲು ಹೊರಟವರು ಈ ಮಾತನ್ನು ಮೊದಲಿಗೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಯಾವುದೇ ಒಂದು ಸಾಕ್ಷಿ, ಅದೆಷ್ಟೇ ಖಚಿತವಾಗಿ ಕಂಡರೂ, ಒಂಟಿಯಾಗಿ ನಿಂತಾಗ ಸಾಲದು. ಊರ ಪಂಚಾಯಿತಿಯಲ್ಲಿ ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಕೇಳುತ್ತಾರಲ್ಲ, ಹಾಗೆ ಒಬ್ಬರಿಗೊಬ್ಬರ ಸುಳಿವಿಲ್ಲದ ನಾಲ್ಕಾರು ಸಾಕ್ಷಿಗಳನ್ನು ವಿಚಾರಿಸಿ ಹೇಳಿಕೆಗಳನ್ನು ತಾಳೆ ನೋಡಬೇಕು. ಒಂದು ಸುಳ್ಳನ್ನು ಒಂದು ಕಡೆ ಬರೆಯುವುದು ಸುಲಭ. ಲೋಹದಲ್ಲಿ, ಬಣ್ಣದಲ್ಲಿ, ಸಿಲಿಕಾನ್ ಚಿಪ್ಪಿನಲ್ಲಿ, ಮೂರು ರಾಜ್ಯಗಳ ಕಡತಗಳಲ್ಲಿ ಅದೇ ಸುಳ್ಳನ್ನು ಒಂದಕ್ಕೊಂದು ಹೊಂದುವಂತೆ ಬರೆಯುವುದು ಬಹಳ ಕಷ್ಟ.

ಉದಾಹರಣೆಗೆ ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. 2007ರ ಪೋರ್ಷೆ 911 ಕರೆರಾ ಎಸ್. ಹಿಂಬದಿಯಲ್ಲಿ 3.8 ಲೀಟರಿನ, ಆರು ಸಿಲಿಂಡರಿನ ಎಂಜಿನ್, ಕೈಯಿಂದ ಹಾಕುವ ಗೇರು. ಕಾರು ಟೆಕ್ಸಸ್‌ನಲ್ಲಿದೆ, ಮಾರಾಟಕ್ಕಿರುವುದು ಅಂತರ್ಜಾಲದಲ್ಲಿ. ಕೊಳ್ಳಬೇಕೆಂದಿರುವವರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರ್ ಎಂದಿಟ್ಟುಕೊಳ್ಳಿ. ಓಡೋಮೀಟರ್ 38,000 ಮೈಲಿ ಎನ್ನುತ್ತಿದೆ. ಫೋಟೋಗಳು ಕಣ್ಣು ಕುಕ್ಕುವಂತಿವೆ. ಕಾರಿಗೂ ಅವರಿಗೂ ನಡುವೆ ಎರಡೂವರೆ ಸಾವಿರ ಕಿಲೋಮೀಟರ್ ದೂರ.

ಈ ಕಾರಿನ ವಿನ್ ಡಬ್ಲ್ಯೂ, ಪಿ, 0 ಎಂದು ಶುರುವಾಗಬೇಕು. ಡಬ್ಲ್ಯೂ ಎಂದರೆ ಜರ್ಮನಿ, ಮೂರೂ ಸೇರಿದರೆ ಪೋರ್ಷೆಯ ಸ್ಪೋರ್ಟ್ಸ್ ಕಾರು. ಹತ್ತನೆಯ ಅಂಕಿ 7, ಅಂದರೆ 2007ರ ಮಾದರಿ. ಹನ್ನೊಂದನೆಯದು ಎಸ್, ಸ್ಟುಟ್‌ಗಾರ್ಟ್ ಕಾರ್ಖಾನೆ. ಪೋರ್ಷೆಯವರ ಒಂದು ವಿಶೇಷ ಇಲ್ಲಿದೆ. ಈ ತಲೆಮಾರಿನ 911ಕ್ಕೆ ಕಾರ್ಖಾನೆಯ ಒಳಹೆಸರು 997. ಅದರ ಮೊದಲ ಎರಡು ಅಂಕಿ ವಿನ್‌ನ ಏಳು ಮತ್ತು ಎಂಟನೆಯ ಸ್ಥಾನದಲ್ಲಿ 99 ಎಂದು ಕೂತಿರುತ್ತವೆ, ಕೊನೆಯ 7 ಹನ್ನೆರಡನೆಯ ಸ್ಥಾನದಲ್ಲಿರುತ್ತದೆ. ನಾಲ್ಕರಿಂದ ಆರನೆಯ ಸ್ಥಾನದವರೆಗೆ ಝಡ್ ಝಡ್ ಝಡ್ ಎಂದಿದ್ದರೆ ಆ ಕಾರು ಅಮೆರಿಕಕ್ಕೆಂದು ತಯಾರಾದದ್ದೇ ಅಲ್ಲ, ಯೂರೋಪಿನ ಕಡೆಯದು. ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದದ ಕಾರನ್ನು 25 ವರ್ಷ ತುಂಬುವ ಮುನ್ನ ಅಲ್ಲಿಗೆ ತರುವುದು ದೊಡ್ಡ ರಗಳೆಯ ಕೆಲಸ. ಹಾಗಾಗಿ ಆ ಮೂರು ಅಕ್ಷರ ಕಂಡರೆ ಮುಂದಿನ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ವಿನ್ ಕಾರಿನಲ್ಲಿ ಒಂದೇ ಕಡೆ ಇರುವುದಿಲ್ಲ. ಮುಂಗಾಜಿನ ಕೆಳ ಅಂಚಿನಲ್ಲಿ ಹೊರಗಿನಿಂದಲೇ ಕಾಣುವ ಪಟ್ಟಿ, ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರು, ಬಾಡಿಯ ಲೋಹದಲ್ಲೇ ಕೊರೆದ ಅಂಕಿಗಳು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಒಳಗೆ. ಮಾರುವವರಿಂದ ಬಿಡಿ ಫೋಟೋ ಕೇಳುವುದಕ್ಕಿಂತ, ಮುಂಗಾಜಿನ ಪಟ್ಟಿಯಿಂದ ಶುರುಮಾಡಿ ಕಾರಿನ ಸುತ್ತ ತಡೆಯಿಲ್ಲದೆ ನಡೆದು ಓಡೋಮೀಟರಿನವರೆಗೆ ಬರುವ ಒಂದೇ ಒಂದು ವಿಡಿಯೋ ಕೇಳುವುದು ಮೇಲು. ಬೇರೆ ಕಾರಿನ ಚಿತ್ರವನ್ನು ನಡುವೆ ತೂರಿಸಲು ಆಗ ಜಾಗವಿರುವುದಿಲ್ಲ.

ಇನ್ನು ಕಡತಗಳು. ಅಮೆರಿಕದಲ್ಲಿ ಕಾರಿನ ಒಡೆತನದ ಪತ್ರವನ್ನು ಟೈಟಲ್ ಎನ್ನುತ್ತಾರೆ, ಅದನ್ನು ಕೊಡುವುದು ಆಯಾ ರಾಜ್ಯ. ಅಪಘಾತದಲ್ಲೋ ಪ್ರವಾಹದಲ್ಲೋ ಕೆಟ್ಟ ಕಾರನ್ನು ರಿಪೇರಿ ಮಾಡುವುದು ಲಾಭದಾಯಕವಲ್ಲ ಎಂದು ವಿಮಾ ಕಂಪನಿ ತೀರ್ಮಾನಿಸಿದರೆ ಟೈಟಲ್ ಮೇಲೆ ‘ಸಾಲ್ವೇಜ್’ ಎಂಬ ಮುದ್ರೆ ಬೀಳುತ್ತದೆ. ಆಮೇಲೆ ಆ ಕಾರಿನ ಬೆಲೆ ಬಹಳ ಇಳಿದುಹೋಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಈ ಮುದ್ರೆಗಳ ನಿಯಮ ಬೇರೆ ಬೇರೆ. ಹೀಗಾಗಿ ಕಾರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಹೊಸ ಟೈಟಲ್ ಮಾಡಿಸಿ, ಮುದ್ರೆ ತೊಳೆದುಹೋಗುವಂತೆ ಮಾಡುವ ದಂಧೆ ಹುಟ್ಟಿಕೊಂಡಿತು. ಅದನ್ನು ತಡೆಯಲೆಂದು 1992ರ ಕಾರು ಕಳ್ಳತನ ತಡೆ ಕಾಯ್ದೆಯಡಿ ರಾಷ್ಟ್ರಮಟ್ಟದ ಟೈಟಲ್ ಮಾಹಿತಿ ವ್ಯವಸ್ಥೆಯೊಂದನ್ನು ಕಟ್ಟಲು ತೊಡಗಿದರು. ಅಲ್ಲಿನ ನ್ಯಾಯ ಇಲಾಖೆ ಅದರ ಉಸ್ತುವಾರಿ ನೋಡುತ್ತದೆ. ವಿಮಾ ಕಂಪನಿಗಳು ಮತ್ತು ಗುಜರಿ ಅಂಗಡಿಗಳು 2009ರಿಂದ ಕಡ್ಡಾಯವಾಗಿ ಅದಕ್ಕೆ ವರದಿ ಒಪ್ಪಿಸಬೇಕು, ಜನಸಾಮಾನ್ಯರೂ ಚಿಕ್ಕ ಶುಲ್ಕ ಕೊಟ್ಟು ನೋಡಬಹುದು. ಇದಲ್ಲದೆ ಕಾರ್‌ಫ್ಯಾಕ್ಸ್‌ನಂಥ ಖಾಸಗಿ ಸಂಸ್ಥೆಗಳು ಸರ್ವೀಸ್ ಅಂಗಡಿ, ಪೊಲೀಸ್ ವರದಿ, ಹರಾಜು ಕಟ್ಟೆಗಳಿಂದ ಮಾಹಿತಿ ಕಲೆಹಾಕಿ ಮಾರುತ್ತವೆ. ಕಾರ್‌ಫ್ಯಾಕ್ಸ್ 1980ರ ದಶಕದಲ್ಲಿ ಮಿಸೌರಿಯಲ್ಲಿ ಶುರುವಾದಾಗ ವರದಿ ಹೋಗುತ್ತಿದ್ದುದು ಫ್ಯಾಕ್ಸ್ ಯಂತ್ರದ ಮೂಲಕ.

ನಮ್ಮ ಟೆಕ್ಸಸ್ ಕಾರಿನ ವರದಿಯಲ್ಲಿ ಯಾವ ಕಲೆಯೂ ಇಲ್ಲ ಎಂದುಕೊಳ್ಳೋಣ. ಇಲ್ಲೇ ಬಹಳ ಮಂದಿ ನಿಟ್ಟುಸಿರು ಬಿಟ್ಟು ಹಣ ಕಳಿಸಿಬಿಡುತ್ತಾರೆ. ಕಲೆಯಿಲ್ಲದ ವರದಿ ಹೇಳುವುದು ಇಷ್ಟನ್ನೇ: ಯಾರೂ ಏನನ್ನೂ ವರದಿ ಮಾಡಿಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ ನಗರವನ್ನು ಮುಳುಗಿಸಿತು. ಮುಳುಗಿದ ಕಾರಿಗೆ ಸಮಗ್ರ ವಿಮೆ ಇಲ್ಲದಿದ್ದರೆ ಕ್ಲೇಮು ಇಲ್ಲ. ಕ್ಲೇಮು ಇಲ್ಲದಿದ್ದರೆ ವರದಿಯೂ ಇಲ್ಲ, ಮುದ್ರೆಯೂ ಇಲ್ಲ. ಮಾಲೀಕ ತಾನೇ ಒಣಗಿಸಿ, ಸೀಟು ತೊಳೆಸಿ ಮಾರಿದರೆ ಕಡತಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗಾಗಿ ವರದಿಯಲ್ಲಿ ನಾನು ಮೊದಲು ನೋಡುವುದು ಇರುವ ನಮೂದುಗಳನ್ನಲ್ಲ, ನಡುವಿನ ಖಾಲಿ ಜಾಗಗಳನ್ನು. ವರ್ಷಕ್ಕೊಮ್ಮೆ ತಪ್ಪದೆ ಆಯಿಲ್ ಬದಲಾಯಿಸಿದ ಕಾರು 2017ರ ಮಧ್ಯದಿಂದ ಹದಿನೆಂಟು ತಿಂಗಳು ಎಲ್ಲೂ ಕಾಣಿಸಿಕೊಳ್ಳದೆ, ಬೇರೆ ರಾಜ್ಯದಲ್ಲಿ ಹೊಸ ಟೈಟಲ್‌ನೊಂದಿಗೆ ಎದ್ದು ಬಂದರೆ, ಅದು ಆ ಸಮಯದಲ್ಲಿ ಎಲ್ಲಿತ್ತು ಎಂದು ಕೇಳಲೇಬೇಕು.

ಹಳೆಯ ಜಾಹೀರಾತುಗಳೂ ಕಡತಗಳೇ. ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜು ತಾಣಗಳು ಮುಗಿದ ಹರಾಜುಗಳ ಪುಟಗಳನ್ನು ಹಾಗೆಯೇ ಉಳಿಸಿಕೊಂಡಿವೆ. ಅದೇ ವಿನ್‌ನ ಕಾರು ಕೆಲವು ವರ್ಷಗಳ ಹಿಂದೆ 44,000 ಮೈಲಿಯೊಂದಿಗೆ ಅಲ್ಲಿ ಮಾರಾಟವಾಗಿದ್ದರೆ ಇವತ್ತಿನ 38,000ಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇಲ್ಲಿಂದ ಓಡೋಮೀಟರಿನ ವಿಷಯಕ್ಕೆ ಬರೋಣ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ಅಂದಾಜಿನ ಪ್ರಕಾರ ಅಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ವಾಹನಗಳು ಸುಳ್ಳು ಓಡೋಮೀಟರಿನೊಂದಿಗೆ ಕೈ ಬದಲಾಯಿಸುತ್ತವೆ. ಹಳೆಯ ಯಾಂತ್ರಿಕ ಮೀಟರಿನಲ್ಲಿ ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಪುಟ್ಟ ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು. ಕೇಬಲ್ ಕಳಚಿ ಉಲ್ಟಾ ತಿರುಗಿಸಿದರೆ ಅಂಕಿಗಳೂ ಹಿಂದೆ ಹೋಗುತ್ತಿದ್ದವು. ಹಾಗೆ ಮಾಡಿದಾಗ ಅಂಕಿಗಳು ಒಂದೇ ಸಾಲಿನಲ್ಲಿ ನಿಲ್ಲದೆ ಓರೆಯಾಗುವುದು ಮೋಸದ ಗುರುತಾಗಿತ್ತು. 1980ರ ದಶಕದ 911ಗಳಲ್ಲಿ ಇನ್ನೊಂದು ತಾಪತ್ರಯ ಇತ್ತು. ಮೀಟರಿನೊಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ವಯಸ್ಸಾಗಿ ಒಡೆಯುತ್ತಿತ್ತು. ವೇಗದ ಮುಳ್ಳು ಆಡುತ್ತಿದ್ದರೂ ಮೈಲಿಯ ಲೆಕ್ಕ ನಿಂತುಬಿಡುತ್ತಿತ್ತು. ಯಾರೂ ಮೋಸ ಮಾಡದೆಯೇ ಎಷ್ಟೋ ಕಾರುಗಳು ತಮ್ಮ ನಿಜವಾದ ಮೈಲಿಯನ್ನು ಹೀಗೆ ಕಳೆದುಕೊಂಡವು. ಆ ಕಾಲದ ಕಾರು ಕೊಳ್ಳುವವರು ಇದನ್ನು ತಿಳಿದಿದ್ದರೆ ಪ್ರಾಮಾಣಿಕ ಮಾರಾಟಗಾರರನ್ನು ವೃಥಾ ಅನುಮಾನಿಸುವುದು ತಪ್ಪುತ್ತದೆ.

ಈಗಿನ ಓಡೋಮೀಟರ್ ಒಂದು ಅಂಕಿಯಾಗಿ ಮೆಮೊರಿ ಚಿಪ್ಪಿನಲ್ಲಿ ಕೂತಿರುತ್ತದೆ. ಸುತ್ತಲೂ ವಿದ್ಯುತ್ ನಿರೋಧಕ ಪದರವಿರುವ ಒಂದು ಸೂಕ್ಷ್ಮ ದ್ವೀಪದಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವುದು ಈ ಚಿಪ್ಪಿನ ಕೆಲಸ. ಎಲೆಕ್ಟ್ರಾನ್ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಆ ತೆಳು ಪದರದ ಮೂಲಕವೇ ತೂರಿಸುತ್ತಾರೆ. ಕ್ವಾಂಟಂ ಭೌತಶಾಸ್ತ್ರ ಅದಕ್ಕೆ ದಾರಿ ಕೊಡುತ್ತದೆ. ಬ್ಯಾಟರಿ ಕಿತ್ತರೂ ಅವು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಆದರೆ ತೂರಿಸಿದಷ್ಟು ಸಲವೂ ಪದರ ಕೊಂಚ ಸವೆಯುತ್ತದೆ, ಲಕ್ಷದಿಂದ ಹತ್ತು ಲಕ್ಷ ಸಲ ಬರೆಯುವಷ್ಟರಲ್ಲಿ ಆ ಮನೆ ಕೈಕೊಡಬಹುದು. ಅದಕ್ಕೇ ಒಂದೇ ಮನೆಯಲ್ಲಿ ಮತ್ತೆ ಮತ್ತೆ ಬರೆಯದೆ ಸರದಿಯಂತೆ ಬೇರೆ ಬೇರೆ ಮನೆಗಳಲ್ಲಿ ಬರೆಯುವ ಏರ್ಪಾಡಿರುತ್ತದೆ. ಮೀಟರ್ ಬ್ಯಾಕ್ ಮಾಡುವವರು ಈ ಮನೆಗಳನ್ನೆಲ್ಲ ಓದಿ ಹೊಸ ಅಂಕಿ ತುಂಬುತ್ತಾರೆ. ಉಪಕರಣವಿದ್ದರೆ ಅದು ಬಹಳ ಹೊತ್ತಿನ ಕೆಲಸವಲ್ಲ.

ಆದರೆ ಮೈಲಿಯ ಲೆಕ್ಕ ಇರುವುದು ಡ್ಯಾಶ್‌ಬೋರ್ಡಿನಲ್ಲಿ ಮಾತ್ರವಲ್ಲ. ಬಿಎಂಡಬ್ಲ್ಯೂ ಕಾರುಗಳ ಕೀಲಿಯಲ್ಲೂ ಅದು ದಾಖಲಾಗಿರುತ್ತದೆ. ಅದೇ ಕಂಪನಿಯ ಕೆಲವು ಹಳೆಯ ಮಾದರಿಗಳಲ್ಲಿ ದೀಪಗಳನ್ನು ನಿಯಂತ್ರಿಸುವ ಪೆಟ್ಟಿಗೆಯಲ್ಲೂ ಒಂದು ಪ್ರತಿ ಇದ್ದು, ಎರಡೂ ತಾಳೆಯಾಗದಿದ್ದರೆ ಓಡೋಮೀಟರಿನ ಪಕ್ಕ ಒಂದು ಪುಟ್ಟ ಚುಕ್ಕಿ ಹೊತ್ತಿಕೊಳ್ಳುತ್ತದೆ. ತಂತ್ರಜ್ಞಾನವಿಲ್ಲದೆ, ಬರೀ ಶಿಸ್ತಿನಿಂದಲೂ ಈ ಮೋಸವನ್ನು ಹತ್ತಿಕ್ಕಬಹುದು ಎಂದು ತೋರಿಸಿದ್ದು ಬೆಲ್ಜಿಯಂ. 2006ರ ಡಿಸೆಂಬರಿನಿಂದ ಅಲ್ಲಿ ಹಳೆಯ ಕಾರು ಮಾರುವವರು ಕಾರ್-ಪಾಸ್ ಎಂಬ ಪತ್ರ ಕೊಡಲೇಬೇಕು. ಗ್ಯಾರೇಜು, ಟೈರಂಗಡಿ, ತಪಾಸಣಾ ಕೇಂದ್ರ, ಕಾರು ಹೋದಲ್ಲೆಲ್ಲ ಓಡೋಮೀಟರ್ ಅಂಕಿ ಒಂದೇ ಕಡೆ ದಾಖಲಾಗುತ್ತದೆ. ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ಹಳೆಯ ಫಲಿತಾಂಶಗಳನ್ನು, ಆ ದಿನದ ಮೈಲಿಯ ಸಮೇತ, ನಂಬರ್ ಪ್ಲೇಟ್ ಕೊಟ್ಟರೆ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಇಂಥದ್ದೊಂದು ಕೊಳ್ಳುವವರ ಪರ ಇರುವ ಕಾನೂನು ಎಲ್ಲ ದೇಶಗಳಲ್ಲೂ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ 911ರ ಅತ್ಯಂತ ಮಾತುಗಾರ ಸಾಕ್ಷಿ ಕೂತಿರುವುದು ಎಂಜಿನ್ ನಿಯಂತ್ರಣ ಕಂಪ್ಯೂಟರಿನಲ್ಲಿ. ಪೋರ್ಷೆಯವರು ಅದನ್ನು ಡಿಎಂಇ ಎನ್ನುತ್ತಾರೆ. ಅದು ಎಂಜಿನ್ ಓಡಿದ ಒಟ್ಟು ಗಂಟೆಗಳನ್ನು ಎಣಿಸುತ್ತದೆ. ಮಿತಿ ಮೀರಿದ ವೇಗದಲ್ಲಿ ಎಂಜಿನ್ ತಿರುಗಿದಾಗಲೆಲ್ಲ ಎಷ್ಟು ಸಲ ಕಿಡಿ ಹಾರಿತು ಎಂಬುದನ್ನು ಆರು ಶ್ರೇಣಿಗಳಲ್ಲಿ ವಿಂಗಡಿಸಿ ಬರೆದಿಡುತ್ತದೆ, ಪ್ರತಿ ಶ್ರೇಣಿಯಲ್ಲಿ ಅಂಥ ಕೊನೆಯ ಘಟನೆ ಎಷ್ಟನೆಯ ಗಂಟೆಯಲ್ಲಿ ನಡೆಯಿತು ಎಂಬುದನ್ನೂ. ತಿಳಿದ ಮೆಕ್ಯಾನಿಕ್ ಸೂಕ್ತ ಸ್ಕ್ಯಾನರ್ ಹಚ್ಚಿದರೆ ಕೆಲವೇ ನಿಮಿಷಗಳಲ್ಲಿ ಈ ವರದಿ ಕೈಗೆ ಬರುತ್ತದೆ.

ಗಂಟೆಗಳಿಂದ ಶುರುಮಾಡೋಣ. 38,000 ಮೈಲಿ ಎಂದರೆ ಸುಮಾರು 61,000 ಕಿಲೋಮೀಟರ್. ಡಿಎಂಇ 1,450 ಗಂಟೆ ಎಂದು ತೋರಿಸಿದರೆ ಸರಾಸರಿ ವೇಗ ಗಂಟೆಗೆ 42 ಕಿಲೋಮೀಟರ್. ಊರೊಳಗಿನ ಸಿಗ್ನಲ್ಲು, ಹೆದ್ದಾರಿಯ ಓಟ, ಬೆಳಗ್ಗೆ ಎಂಜಿನ್ ಬಿಸಿ ಮಾಡಿದ ಹೊತ್ತು ಎಲ್ಲ ಸೇರಿ ಇದು ನಂಬಬಹುದಾದ ಸಂಖ್ಯೆ. 3,100 ಗಂಟೆ ತೋರಿಸಿದರೋ? ಸರಾಸರಿ 20ಕ್ಕೆ ಇಳಿಯಿತು. ಇಡೀ ಬಾಳನ್ನು ಟ್ರಾಫಿಕ್ಕಿನಲ್ಲೇ ಕಳೆದ ಕಾರಿಗೆ ಅದು ಸರಿಹೋದೀತು, ‘ವಾರಾಂತ್ಯದಲ್ಲಿ ಮಾತ್ರ ಹೆದ್ದಾರಿಗೆ ಇಳಿಸುತ್ತಿದ್ದೆ’ ಎನ್ನುವವರ ಕಾರಿಗಲ್ಲ. ಮೊದಲಿನ 42ರ ಸರಾಸರಿಯಲ್ಲೇ ಅಷ್ಟು ಗಂಟೆ ಓಡಿದ್ದರೆ ಕಾರು ಕ್ರಮಿಸಿದ ದೂರ 1,30,000 ಕಿಲೋಮೀಟರ್, ಅಂದರೆ 81,000 ಮೈಲಿ. ಡ್ಯಾಶ್‌ಬೋರ್ಡಿನ ಅಂಕಿ ಬದಲಿಸಿದವರು ಈ ಗಂಟೆಗಳನ್ನು ಮರೆತಿರುತ್ತಾರೆ, ಇಲ್ಲವೇ ಅವರ ಕೈ ಅಲ್ಲಿಗೆ ಎಟುಕಿರುವುದಿಲ್ಲ.

ಇನ್ನು ಮಿತಿಮೀರಿದ ವೇಗ. ನಾಲ್ಕು ಹೊಡೆತದ, ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗಿದರೆ ಮೂರು ಕಿಡಿ. ನಿಮಿಷಕ್ಕೆ 7,500 ಸುತ್ತಿನಲ್ಲಿ ಸೆಕೆಂಡಿಗೆ 375 ಕಿಡಿ. ಹಾಗಾಗಿ ಮೊದಲ ಶ್ರೇಣಿಯಲ್ಲಿ 750 ಎಂದಿದ್ದರೆ ಇಡೀ ಬಾಳಿನಲ್ಲಿ ಎರಡು ಸೆಕೆಂಡು ಮಿತಿಯ ಅಂಚು ತಾಕಿದೆ ಎಂದಷ್ಟೇ ಅರ್ಥ. ಜೋರಾಗಿ ವೇಗ ಹೆಚ್ಚಿಸಿದ ಯಾವ ಸ್ಪೋರ್ಟ್ಸ್ ಕಾರಿನಲ್ಲೂ ಅದು ಸಹಜ. ಅಲ್ಲಿಗೆ ಕಂಪ್ಯೂಟರೇ ಇಂಧನ ನಿಲ್ಲಿಸಿ ಎಂಜಿನ್ನನ್ನು ತಡೆಯುತ್ತದೆ. ಮೇಲಿನ ಶ್ರೇಣಿಗಳ ಕಥೆ ಬೇರೆ. ಮೂರನೇ ಗೇರಿನಲ್ಲಿ ಮಿತಿಯ ಹತ್ತಿರ ಓಡಿಸುತ್ತ ನಾಲ್ಕಕ್ಕೆ ಹಾಕಹೋಗಿ ಕೈತಪ್ಪಿ ಎರಡಕ್ಕೆ ಹಾಕಿದರೆ, ಕ್ಲಚ್ ಬಿಟ್ಟ ಕ್ಷಣ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಇಂಧನ ನಿಲ್ಲಿಸಿ ಪ್ರಯೋಜನವಿಲ್ಲ, ಒಂದೂವರೆ ಟನ್ನಿನ ಕಾರಿನ ಚಲನಶಕ್ತಿಯೇ ಎಂಜಿನ್ನನ್ನು ದಬ್ಬುತ್ತಿರುತ್ತದೆ. ಪಿಸ್ಟನ್ನು, ವಾಲ್ವುಗಳ ಮೇಲಿನ ಜಡತ್ವದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 7,200ರಿಂದ 9,000 ಸುತ್ತಿಗೆ ಹೋದರೆ ವೇಗ ಕಾಲು ಭಾಗವಷ್ಟೇ ಹೆಚ್ಚು, ಬಲ ಮಾತ್ರ ಅರ್ಧಕ್ಕಿಂತಲೂ ಜಾಸ್ತಿ ಹೆಚ್ಚು. ವಾಲ್ವನ್ನು ಹಿಂದಕ್ಕೆ ಎಳೆಯಬೇಕಾದ ಸ್ಪ್ರಿಂಗಿಗೆ ಅಷ್ಟು ಬೇಗ ಎಳೆಯಲಾಗುವುದಿಲ್ಲ. ವಾಲ್ವು ತೆರೆದೇ ಇರುವಾಗ ಪಿಸ್ಟನ್ ಮೇಲೆ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಮೇಲಿನ ಶ್ರೇಣಿಯೊಂದರಲ್ಲಿ 40 ಕಿಡಿ ದಾಖಲಾಗಿದೆ ಎನ್ನಿ. 9,000 ಸುತ್ತಿನಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಕ್ಷಣಿಕವಾದ ತಪ್ಪೂ, ಯಾವ ರಸೀದಿಯಲ್ಲೂ ಯಾರ ನೆನಪಿನಲ್ಲೂ ಇಲ್ಲದ್ದು, ಹದಿನೈದು ವರ್ಷ ಕಳೆದ ಮೇಲೂ ಓದಲು ಸಿಗುತ್ತದೆ. ಎಂಜಿನಿಯರಿಂಗ್ ಎಂದರೆ ನನಗೆ ಪ್ರೀತಿ ಉಕ್ಕುವುದು ಇಂಥ ಕಡೆ. ಅದನ್ನು ಓದಿದ ಮೇಲೆ ಬುದ್ಧಿ ಉಪಯೋಗಿಸಬೇಕು. ಆ ಘಟನೆ ನಡೆದದ್ದು 212ನೆಯ ಗಂಟೆಯಲ್ಲಿ, ಎಂಜಿನ್ ಈಗ 1,450 ಗಂಟೆ ಓಡಿದೆ ಎಂದಾದರೆ ಅದಾದ ಮೇಲೆ ಸಾವಿರದ ಇನ್ನೂರಕ್ಕೂ ಹೆಚ್ಚು ಗಂಟೆ ಅದು ಚೆನ್ನಾಗಿಯೇ ದುಡಿದಿದೆ. ಏನಾದರೂ ಮುರಿಯುವುದಿದ್ದರೆ ಇಷ್ಟರಲ್ಲಿ ಮುರಿಯುವ ಸಂಭವವೇ ಹೆಚ್ಚು. ಅದೇ ಘಟನೆ 1,447ನೆಯ ಗಂಟೆಯಲ್ಲಿ ನಡೆದು, ವಾರದೊಳಗೆ ಕಾರು ಮಾರಾಟಕ್ಕೆ ಬಂದಿದ್ದರೆ ಎಂಜಿನ್ ಬಿಚ್ಚಿಸಿ ನೋಡದೆ ಮುಂದುವರಿಯಬಾರದು. ಡಿಎಂಇಯನ್ನೇ ಬದಲಾಯಿಸಿದ್ದರೆ? ಹೊಸ ಪೆಟ್ಟಿಗೆಯಲ್ಲಿ ಗಂಟೆಗಳು ತೀರ ಕಡಿಮೆ ಇರುತ್ತವೆ, ಬೇರೆ ಕಾರಿನಿಂದ ತೆಗೆದದ್ದಾದರೆ ಒಳಗಿನ ವಿನ್ ಹೊಂದದಿರಬಹುದು. ಬದಲಾಯಿಸಿದ್ದಕ್ಕೆ ರಸೀದಿ ಕೇಳುವ ಹಕ್ಕು ಆಗ ಕೊಳ್ಳುವವರಿಗೆ ಇದ್ದೇ ಇದೆ.

ಬಾಡಿಯ ಪೆಟ್ಟುಗಳನ್ನು ಹೇಳುವುದು ಬಣ್ಣ. ಕಾರ್ಖಾನೆಯಲ್ಲಿ ಬಳಿದ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಆರನೇ ಒಂದು ಭಾಗವನ್ನೂ ಮೀರದು. ಅದರ ಮೇಲೆ ಮತ್ತೊಮ್ಮೆ ಬಣ್ಣ ಹೊಡೆದರೆ 200, 300ಕ್ಕೆ ಏರುತ್ತದೆ. ತಗ್ಗಾದ ಕಡೆ ಪುಟ್ಟಿ ತುಂಬಿ ತಿಕ್ಕಿದ್ದರೆ ಸಾವಿರ ದಾಟುವುದೂ ಉಂಟು. ಅಂಗೈಯಲ್ಲಿ ಹಿಡಿಯುವ ಮಾಪಕವೊಂದನ್ನು ತಾಕಿಸಿದರೆ ಸಾಕು, ಕೆರೆಯದೆ ಕೊರೆಯದೆ ಇದನ್ನು ಅಳೆಯಬಹುದು. ಅದರ ಮೂಲ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ. ಉಕ್ಕಿನ ಹತ್ತಿರ ಬಂದಾಗ ಮಾಪಕದೊಳಗಿನ ತಂತಿ ಸುರುಳಿಯ ಕಾಂತಕ್ಷೇತ್ರ ಬಲಗೊಳ್ಳುತ್ತದೆ, ನಡುವೆ ಬಣ್ಣ ದಪ್ಪಗಿದ್ದಷ್ಟೂ ಆ ಬಲ ಕುಗ್ಗುತ್ತದೆ. ಅಲ್ಯೂಮಿನಿಯಂಗೆ ಕಾಂತ ಹಿಡಿಯದು. ಅದಕ್ಕೆ ಹೆಚ್ಚಿನ ಆವರ್ತನದ ವಿದ್ಯುತ್ ಹರಿಸಿ ಲೋಹದೊಳಗೆ ಸುಳಿಪ್ರವಾಹಗಳನ್ನು ಎಬ್ಬಿಸಿ, ಅವು ಒಡ್ಡುವ ಪ್ರತಿರೋಧದಿಂದ ದೂರವನ್ನು ಲೆಕ್ಕ ಹಾಕಬೇಕು. 997ರ ಚಾವಣಿ ಉಕ್ಕು, ಮುಂದಿನ ಮುಚ್ಚಳ ಅಲ್ಯೂಮಿನಿಯಂ, ಬಂಪರು ಪ್ಲಾಸ್ಟಿಕ್ಕು. ಹಾಗಾಗಿ ಎರಡೂ ಬಗೆಯಲ್ಲಿ ಅಳೆಯುವ ಮಾಪಕ ಬೇಕು, ಬಂಪರಿನ ಮೇಲೆ ಎರಡೂ ಕೆಲಸ ಮಾಡವು. ಶೆವರ್ಲೆ ಕಾರ್ವೆಟ್‌ನ ಬಾಡಿಯಂತೂ 1953ರಿಂದಲೂ ಗಾಜುನಾರಿನ ಬಗೆಯ ಸಂಯುಕ್ತ ವಸ್ತುವಿನದು, ಅಲ್ಲಿ ಈ ಮಾಪಕಕ್ಕೆ ಬದಲು ಶ್ರವಣಾತೀತ ಅಲೆಗಳ ಮಾಪಕ ತರಬೇಕು.

ದಪ್ಪ ಬಣ್ಣ ಕಂಡಕೂಡಲೇ ಕಾರು ಅಪಘಾತದ್ದು ಎಂದು ತಳ್ಳಿಹಾಕುವುದು ಅನ್ಯಾಯ. ನೆಲಕ್ಕೆ ತಗ್ಗಿದ ಮೂತಿಗೆ ಹೆದ್ದಾರಿಯ ಸಣ್ಣ ಕಲ್ಲು ಸಿಡಿದು ಬಣ್ಣ ಚಕ್ಕೆ ಏಳುವುದು ಇಂಥ ಕಾರುಗಳ ಹಣೆಬರಹ. ಎಷ್ಟೋ ಒಳ್ಳೆಯ ಮಾಲೀಕರು ಮುಂಭಾಗಕ್ಕೆ ಒಮ್ಮೆ ಬಣ್ಣ ಮಾಡಿಸಿರುತ್ತಾರೆ. ಕಲ್ಲೇಟಿನಿಂದ ಕಾಯಲು ಅಂಟಿಸುವ ಪಾರದರ್ಶಕ ಹಾಳೆಯೂ ಮಾಪಕಕ್ಕೆ ನೂರೈವತ್ತು ಇನ್ನೂರು ಮೈಕ್ರಾನ್ ಸೇರಿಸಿಬಿಡುತ್ತದೆ. ಆತಂಕಪಡಬೇಕಾದದ್ದು ಚಾವಣಿ, ಬಾಗಿಲ ಕಂಬ, ಹಿಂಬದಿ ರೆಕ್ಕೆಯ ಒಳಂಚುಗಳಂಥ ಕಡೆ ದಪ್ಪ ಬಣ್ಣ ಕಂಡಾಗ. ಅವು ಬಾಡಿಗೆ ಬೆಸೆದ ಭಾಗಗಳು. ಕಲ್ಲು ಅಲ್ಲಿಗೆ ಸಿಡಿಯುವುದಿಲ್ಲ, ಬೋಲ್ಟ್ ಬಿಚ್ಚಿ ಬದಲಿಸಲೂ ಬರುವುದಿಲ್ಲ. ಗಂಟೆಗೆ 200 ಕಿಲೋಮೀಟರ್ ದಾಟಬಲ್ಲ ಕಾರಿನ ಚೌಕಟ್ಟನ್ನು ಎಳೆದು ನೇರ ಮಾಡಿ ಮಾರಿದ್ದರೆ ಅಪಾಯಕ್ಕೆ ಸಿಲುಕುವುದು ಕೊಳ್ಳುವವರ ದುಡ್ಡು ಮಾತ್ರವಲ್ಲ, ಪ್ರಾಣವೂ ಹೌದು.

ನೀರು ಹೊಕ್ಕ ಕಾರು ಬಣ್ಣದಲ್ಲಿ ಸಿಕ್ಕಿಬೀಳುವುದಿಲ್ಲ. ತೊಳೆದ ಕೈ ತಲುಪದ ಜಾಗಗಳನ್ನೇ ನೋಡಬೇಕು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದರೆ ಸಾಮಾನ್ಯವಾಗಿ ಹೊರಗೆ ಬಾರದ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ವೈರಿಂಗ್ ಕನೆಕ್ಟರುಗಳ ಒಳಗೆ ನಡೆಯುವ ರಸಾಯನ. ಬ್ಯಾಟರಿಯ ನೇರ ವಿದ್ಯುತ್ತು, ಕೊಳಕು ನೀರಿನಲ್ಲಿ ಕರಗಿದ ಉಪ್ಪು, ತಾಮ್ರದ ಪಿನ್ನುಗಳು ಮೂರೂ ಸೇರಿದರೆ ಅದೊಂದು ವಿದ್ಯುದ್ವಿಭಜನೆಯ ಕೋಶವೇ. ಒಂದು ಪಿನ್ನಿನ ತಾಮ್ರ ಕರಗುತ್ತ ಹಸಿರು ಬೂಸ್ಟಿನಂತೆ ಕಟ್ಟಿಕೊಳ್ಳುತ್ತದೆ. ಒಣಗಿದ ಮೇಲೂ ಉಪ್ಪು ಅಲ್ಲೇ ಇದ್ದು ಗಾಳಿಯ ತೇವ ಹೀರಿ ಮತ್ತೆ ಕೆಲಸ ಶುರುಮಾಡುತ್ತದೆ. ಆರು ತಿಂಗಳು ಚೆನ್ನಾಗಿದ್ದ ಕಾರು ಏಳನೆಯ ತಿಂಗಳು ಕಾರಣವಿಲ್ಲದೆ ನಿಂತುಹೋಗುವುದು ಹೀಗೆ.

ಇಷ್ಟನ್ನೂ ದೂರದಲ್ಲಿ ಕೂತು ನೋಡುವುದು ಹೇಗೆ? ಕಾರು ಇರುವ ಊರಿನಲ್ಲೇ, ಮಾರುವವರಿಗೆ ಸಂಬಂಧವಿಲ್ಲದ, ಆ ಮಾದರಿಯ ಕೆಲಸ ಬಲ್ಲ ಗ್ಯಾರೇಜನ್ನು ನಾವೇ ಗೊತ್ತುಮಾಡಿ ಕೂಲಿ ಕೊಟ್ಟು ಪರೀಕ್ಷೆ ಮಾಡಿಸಬೇಕು. ಡಿಎಂಇ ವರದಿ, ಪ್ರತಿ ಭಾಗದ ಬಣ್ಣದ ಅಳತೆ, ಈ ಕಾಲದ ಪೋರ್ಷೆ ಎಂಜಿನ್ನಾದರೆ ಸಿಲಿಂಡರಿನ ಗೋಡೆಗೆ ಗೀರು ಬಿದ್ದಿದೆಯೇ ಎಂದು ತೂರುಕ್ಯಾಮೆರಾದಿಂದ ತೆಗೆದ ಚಿತ್ರ, ಇವು ಬೇಕೇ ಬೇಕು ಎಂದು ಬರೆದು ಕೊಡಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕಂಕಿಯ ಫೋಟೋವನ್ನೂ ಕೇಳಿ. 2319 ಎಂದರೆ 2019ರ 23ನೆಯ ವಾರ ತಯಾರಾದದ್ದು. ಪರೀಕ್ಷೆಗೆ ಒಪ್ಪದ ಮಾರಾಟಗಾರರೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಬೆಂಗಳೂರಿನಲ್ಲಿ ಇಂಥ ಕಾರು ಹುಡುಕುವವರಿಗೆ ಸಾಕ್ಷಿಗಳು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಕೇಂದ್ರ ಸರ್ಕಾರದ ವಾಹನ್ ದತ್ತಾಂಶದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮೊದಲ ನೋಂದಣಿಯ ದಿನಾಂಕ, ವಿಮೆ, ಬ್ಯಾಂಕ್ ಸಾಲ ಬಾಕಿ ಇದೆಯೇ ಎಂಬುದು ತಿಳಿಯುತ್ತದೆ. ಓಡಿದ ಕಿಲೋಮೀಟರ್ ಅಲ್ಲಿ ಸಿಗದು, ನೀರಿಗೆ ಬಿದ್ದ ಕಾರು ಎಂದು ಬರೆಯಲು ಆರ್‌ಸಿಯಲ್ಲಿ ಜಾಗವೂ ಇಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರಿನ ಕಡೆಯ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ಬಾನೆಟ್‌ವರೆಗೆ ನೀರಿನಲ್ಲಿ ನಿಂತಿದ್ದನ್ನು ನಾಡೆಲ್ಲ ನೋಡಿತು. ಅವುಗಳಲ್ಲಿ ಕೆಲವಾದರೂ ಈಗ ಯಾವುದೋ ಜಾಹೀರಾತಿನಲ್ಲಿ ಹೊಳೆಯುತ್ತಿರಬಹುದು. ಪುದುಚೇರಿ ಅಥವಾ ಬೇರೆ ರಾಜ್ಯದ ನಂಬರ್ ಪ್ಲೇಟಿನ ಐಷಾರಾಮಿ ಕಾರಾದರೆ ಇನ್ನೊಂದು ಎಚ್ಚರಿಕೆ ಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಹಿಂದಿನ ಮಾಲೀಕರು ಕಟ್ಟದೆ ಬಿಟ್ಟ ಆ ಲಕ್ಷಗಟ್ಟಲೆ ಹೊರೆ ಕೊಂಡವರ ಹೆಗಲಿಗೆ ಬರುತ್ತದೆ.

ನಮ್ಮಲ್ಲಿ ಅಪಘಾತದ ಚರಿತ್ರೆ ಹೇಳುವ ಒಂದು ಕಾಗದ ಇದೆ, ಬಹಳ ಮಂದಿ ಅದನ್ನು ತಿರುವಿ ನೋಡುವುದಿಲ್ಲ. ಅದು ಹಳೆಯ ವಿಮಾ ಪಾಲಿಸಿ. ವರ್ಷವಿಡೀ ಸ್ವಂತ ಹಾನಿಯ ಕ್ಲೇಮು ಮಾಡದಿದ್ದರೆ ಮುಂದಿನ ವರ್ಷದ ಕಂತಿನಲ್ಲಿ ಶೇಕಡಾ 20 ರಿಯಾಯಿತಿ ಸಿಗುತ್ತದೆ, ಆಮೇಲೆ 25, 35, 45, ಐದು ವರ್ಷಕ್ಕೆ 50. ನಡುವೆ ಒಮ್ಮೆ ಕ್ಲೇಮು ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಈ ನೋ ಕ್ಲೇಮ್ ಬೋನಸ್ ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಹಾಗಾಗಿ ಮಾಲೀಕರು ಬದಲಾದ ವರ್ಷ ಸೊನ್ನೆ ಕಂಡರೆ ಗಾಬರಿ ಬೇಡ. ಆರು ವರ್ಷದಿಂದ ಒಬ್ಬರ ಕೈಯಲ್ಲೇ ಇರುವ ಕಾರಿನ ಪಾಲಿಸಿಯಲ್ಲಿ 2023ರಲ್ಲಿ ಸೊನ್ನೆ ಎಂದಿದ್ದರೆ, ಅದರ ಹಿಂದಿನ ವರ್ಷ ಏನಾಯಿತು ಎಂದು ಕೇಳಿ, ವಿಮಾ ಕಂಪನಿಯ ಸರ್ವೇಯರ್ ವರದಿಯ ಪ್ರತಿ ಕೇಳಿ. ಒಂದೇ ವರ್ಷದ ಪಾಲಿಸಿ ಸಾಲದು, ಕೊಂಡ ದಿನದಿಂದ ಇವತ್ತಿನವರೆಗಿನ ಅಷ್ಟೂ ಬೇಕು. ಅವುಗಳಲ್ಲಿರುವ ಚಾಸಿ ನಂಬರನ್ನು ಕಾರಿನ ಲೋಹದ ಮೇಲಿನ ನಂಬರಿನೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿದ ಮೇಲೆ ಮುಂಗಡದ ಮಾತು ಆಡಿ.